ಕನ್ನಡ ಪ್ರಶ್ನಪತ್ರಿಕೆಯೂ ಸಹಪಾಠಿಗಳ ಸೂತ್ರಗಳೂ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಫಾಲ್ಗುಣ ಮಾಸವೆಂಬುದು ಎರಡು ನಿರೀಕ್ಷೆಗಳ ಕಾಲ. ಬೆಳೆಗಾರನು ಹೂಮಳೆಗಾಗಿ ಆಕಾಶವನ್ನು ನೋಡುತ್ತಿರುತ್ತಾನೆ. ಹತ್ತನೆಯ ತರಗತಿಯ ವಿದ್ಯಾರ್ಥಿಯು ಪರೀಕ್ಷೆಯ ವೇಳಾಪಟ್ಟಿಯನ್ನು ನೋಡುತ್ತಿರುತ್ತಾನೆ. ಅರೇಬಿಕಾ ಕೊಯ್ಲು ಎಂದೋ ಮುಗಿದು, ರೊಬಸ್ಟಾದ ಕೊನೆಯ ಹಣ್ಣೂ ಕಣದಲ್ಲಿ ಒಣಗಿ, ಮೆಣಸಿನ ಬಳ್ಳಿಗಳಿಗೆ ಏಣಿ ಚಾಚಿದ ದಿನಗಳವು. ಮನೆಯಲ್ಲಿ ಕೈಗೆ ಕೈ ಕೂಡಬೇಕಾದ ಈ ಹೊತ್ತಿನಲ್ಲಿಯೇ ಮಕ್ಕಳು ಪುಸ್ತಕದ ಮುಂದೆ ಕುಳಿತಿರಬೇಕು. 2024ರ ಮಾರ್ಚ್ 25ರಂದೂ 2025ರ ಮಾರ್ಚ್ 21ರಂದೂ ಎಸ್.ಎಸ್.ಎಲ್.ಸಿ. ಪರೀಕ್ಷೆಗಳು ಆರಂಭವಾದಾಗ ಮೊದಲನೆಯ ದಿನದ ಪತ್ರಿಕೆ ಪ್ರಥಮ ಭಾಷೆಯದೇ ಆಗಿತ್ತು. ನಮ್ಮ ಸೀಮೆಯ ಬಹುಪಾಲು ಮಕ್ಕಳಿಗೆ ಅದು ಕನ್ನಡ.

ಆದರೂ ಸಿದ್ಧತೆಯ ಸಾಲಿನಲ್ಲಿ ಕನ್ನಡಕ್ಕೆ ದೊರೆಯುವ ಸ್ಥಾನ ಕಡೆಯದು. ಗಣಿತಕ್ಕೆ ಮನೆಪಾಠ, ವಿಜ್ಞಾನಕ್ಕೆ ವಿಶೇಷ ತರಗತಿ, ಇಂಗ್ಲಿಷಿಗೆ ಮನೆಮಂದಿಯ ಆತಂಕ. ಕನ್ನಡಕ್ಕೆ ಮಾತ್ರ ‘ಅದು ತಾನಾಗಿ ಬರುತ್ತದೆ’ ಎಂಬ ಉದಾಸೀನ. ಲೆಕ್ಕದ ದೃಷ್ಟಿಯಿಂದಲೂ ಈ ಉದಾಸೀನವು ತಪ್ಪೆಂಬುದನ್ನು ಹೇಳಬೇಕಾಗಿದೆ. 2020ರ ದಶಕದ ಮೊದಲ ವರ್ಷಗಳ ಕ್ರಮದಂತೆ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125 ಅಂಕಗಳಿದ್ದುವು. ಉಳಿದ ಯಾವ ವಿಷಯಕ್ಕೂ ನೂರಕ್ಕಿಂತ ಹೆಚ್ಚಿರಲಿಲ್ಲ. ಆರು ವಿಷಯಗಳಲ್ಲಿ ಅತ್ಯಂತ ಭಾರವಾದುದನ್ನೇ ಹಗುರವೆಂದು ಬಗೆದವನು ಮೊದಲನೆಯ ದಿನವೇ ನಷ್ಟಕ್ಕೆ ಗುರಿಯಾಗುತ್ತಾನೆ. ಮನೆಮಾತು ಕನ್ನಡವಲ್ಲದ ಮಗುವಿನ ಪಾಡಂತೂ ಬೇರೆಯೇ. ಅದನ್ನು ಮುಂದೆ ವಿಚಾರಿಸೋಣ.

ಈ ಉದಾಸೀನದ ನಡುವೆ ಕನ್ನಡ ಪತ್ರಿಕೆಯ ಸಿದ್ಧತೆ ನಡೆಯುವುದು ಬಹುಮಟ್ಟಿಗೆ ವಿದ್ಯಾರ್ಥಿಗಳ ನಡುವೆಯೇ. ಪ್ರಸಾದವಾದ ಮೇಲೆ ವಿದ್ಯಾರ್ಥಿನಿಲಯದ ಜಗಲಿಯಲ್ಲಿ, ಮುಂಜಾನೆಯ ಬಸ್ಸಿನ ಹಿಂದಿನ ಆಸನದಲ್ಲಿ, ತೋಟದ ಗೇಟಿನ ಬಳಿ ಒಬ್ಬರಿಗೊಬ್ಬರು ಸೂತ್ರಗಳನ್ನು ದಾಟಿಸುತ್ತಾರೆ. ‘ಇದು ಬಂದರೆ ಹೀಗೆ ಬರಿ’, ‘ಅದನ್ನು ಗುರುತಿಸಲು ಇದನ್ನು ನೋಡು’ ಎಂಬ ಬಗೆಯವು ಅವು. ಉಪಾಧ್ಯಾಯರು ಕೆಲವೊಮ್ಮೆ ಇವನ್ನು ಅಡ್ಡದಾರಿಯೆಂದು ಹಳಿಯುವುದುಂಟು. ಎಲ್ಲವೂ ಅಡ್ಡದಾರಿಯಲ್ಲ. ತನಗೆ ದಕ್ಕಿದ್ದನ್ನು ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವುದು ಮಠದ ನೆರಳಿನಲ್ಲಿ ಬೆಳೆದ ಮಕ್ಕಳಿಗೆ ಹೇಳಿಕೊಡಬೇಕಾದ ಸಂಗತಿಯೂ ಅಲ್ಲ. ವಿಚಾರಿಸಬೇಕಾದುದು ಇಷ್ಟೇ: ಬಡಿಸಿದ ಸೂತ್ರವು ಓದುಗನನ್ನು ಪಾಠದ ಒಳಕ್ಕೆ ಕರೆದೊಯ್ಯುತ್ತದೆಯೆ, ಪಾಠವನ್ನು ಬಿಟ್ಟು ದಾಟಿಸುತ್ತದೆಯೆ?

ಸೂತ್ರಗಳ ಪರಂಪರೆ ಇಂದಿನದಲ್ಲ. ಛಂದಸ್ಸಿನ ಎಂಟು ಅಕ್ಷರಗಣಗಳನ್ನು ನೆನಪಿಡಲು ವಿದ್ಯಾರ್ಥಿಗಳು ಇಂದಿಗೂ ಹೇಳುವ ‘ಯಮಾತಾರಾಜಭಾನಸಲಗಂ’ ಎಂಬುದು ಪರೀಕ್ಷಾ ಸೂತ್ರವಲ್ಲದೆ ಮತ್ತೇನು? ಯಾವ ಗಣ ಬೇಕೋ ಆ ಅಕ್ಷರದಿಂದ ತೊಡಗಿ ಮೂರಕ್ಷರಗಳನ್ನು ಎಣಿಸಿದರೆ ಗಣದ ರೂಪ ಸಿಕ್ಕುತ್ತದೆ: ಯಮಾತಾ ಎಂಬಲ್ಲಿ ಲಘು, ಗುರು, ಗುರು, ಭಾನಸ ಎಂಬಲ್ಲಿ ಗುರು, ಲಘು, ಲಘು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವ್ಯಾಕರಣದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಅಡಕಮಾಡಿದುದರಿಂದ ಅವು ಕಲಿಯುವವನ ನಾಲಗೆಯ ಮೇಲೆ ಸುಲಭವಾಗಿ ನಿಲ್ಲುತ್ತವೆ. ಬಾಯಿಪಾಠವನ್ನು ಹೀಗಳೆಯುವ ಇಂದಿನ ಕೆಲವರು ಕೇಶಿರಾಜನ ಈ ಏರ್ಪಾಡನ್ನು ಒಮ್ಮೆ ಗಮನಿಸುವುದು ಒಳಿತು.

ಛಂದಸ್ಸಿನಲ್ಲಿ ಸಹಪಾಠಿಗಳ ಸೂತ್ರಗಳು ಬಹಳ ಚೆನ್ನಾಗಿ ಕೆಲಸಮಾಡುತ್ತವೆ. ಕಾರಣ, ಅಲ್ಲಿ ಉತ್ತರವು ಸರಿಯೋ ತಪ್ಪೋ ಎಂಬುದನ್ನು ಲೆಕ್ಕವೇ ಹೇಳಿಬಿಡುತ್ತದೆ. ಆರು ಸಾಲಿನ ಪದ್ಯವಾದರೆ ಷಟ್ಪದಿ. ಕುಮಾರವ್ಯಾಸನದು ಭಾಮಿನಿ: 1, 2, 4, 5ನೆಯ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳಂತೆ 14, 3 ಮತ್ತು 6ನೆಯ ಸಾಲುಗಳಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ಸೇರಿ 23. ರಾಘವಾಂಕನ ಹರಿಶ್ಚಂದ್ರ ಕಾವ್ಯವೂ ಲಕ್ಷ್ಮೀಶನ ಜೈಮಿನಿ ಭಾರತವೂ ವಾರ್ಧಕದಲ್ಲಿವೆ: ಐದು ಮಾತ್ರೆಯ ಗಣಗಳು ಕಿರುಸಾಲಿನಲ್ಲಿ ನಾಲ್ಕು, ಅಂದರೆ 20 ಮಾತ್ರೆ, ನೀಳಸಾಲಿನಲ್ಲಿ ಆರು ಗಣವೂ ಒಂದು ಗುರುವೂ ಸೇರಿ 32. ಪ್ರಸ್ತಾರ ಹಾಕಿದಾಗ 14ಕ್ಕೆ ಬದಲು 13 ಬಂದರೆ ಕವಿಯನ್ನು ಸಂಶಯಿಸುವ ಮೊದಲು ಒತ್ತಕ್ಷರದ ಹಿಂದಿನ ಅಕ್ಷರವನ್ನು ನೋಡಬೇಕು. ಅದನ್ನು ಗುರುವೆಂದು ಗುರುತಿಸಲು ಮರೆತಿರುವ ಸಂಭವವೇ ಹೆಚ್ಚು. ಅನುಸ್ವಾರವಿರುವ ಅಕ್ಷರವು ಎರಡನೆಯ ಎಡವುಗಲ್ಲು. 3 ಮತ್ತು 6ನೆಯ ಸಾಲಿನ ಕಡೆಯ ಅಕ್ಷರವು ಬರಹದಲ್ಲಿ ಲಘುವಾಗಿದ್ದರೂ ಗುರುವೆಂದೇ ಎಣಿಕೆ. ಈ ಮೂರನ್ನು ತಿದ್ದಿಕೊಂಡವನಿಗೆ ಪ್ರಸ್ತಾರದ ಅಂಕಗಳು ಕೈತಪ್ಪುವ ಭಯವಿಲ್ಲ.

ಇದನ್ನು ಅಭ್ಯಾಸಮಾಡಲು ಪದ್ಯವೇ ಬೇಕೆಂದಿಲ್ಲ. ಬಸ್ಸಿಗೆ ಕಾದುನಿಂತವನು ಬಸ್ಸಿನ ಬೋರ್ಡುಗಳ ಮೇಲೆ ಕೈಪಳಗಿಸಬಹುದು. ಕಳಸ ಎಂಬಲ್ಲಿ ಮೂರು ಲಘು, ಮೂರು ಮಾತ್ರೆ. ಮೂಡಿಗೆರೆ ಎಂಬಲ್ಲಿ ಒಂದು ಗುರು, ಮೂರು ಲಘು, ಐದು ಮಾತ್ರೆ. ಶೃಂಗೇರಿಯೂ ಐದೇ, ಆದರೆ ಗುರು ಎರಡು. ಚಿಕ್ಕಮಗಳೂರಿನಲ್ಲಿ ಎಂಟು, ಅಲ್ಲಿ ‘ಚಿ’ ಗುರುವಾಗುವುದು ತನ್ನ ಬಲದಿಂದಲ್ಲ, ಮುಂದಿನ ಒತ್ತಕ್ಷರದ ಬಲದಿಂದ. ಬಣಕಲ್ ಎಂಬಲ್ಲಿ ಕೊನೆಯ ವ್ಯಂಜನವು ‘ಕ’ಕಾರವನ್ನು ಗುರುಮಾಡುವುದರಿಂದ ನಾಲ್ಕು. ಕೊಪ್ಪಕ್ಕೆ ಮೂರು, ಜಯಪುರಕ್ಕೆ ನಾಲ್ಕು. ಈಗ ‘ಕಳಸ ಬಣಕಲ್ ಕೊಪ್ಪ ಜಯಪುರ’ ಎಂದು ಒಟ್ಟಿಗೆ ಹೇಳಿದರೆ ಮೂರು, ನಾಲ್ಕು, ಮೂರು, ನಾಲ್ಕು ಆಗಿ ಭಾಮಿನಿಯ ಒಂದು ಕಿರುಸಾಲು ತಾನಾಗಿ ಒದಗುತ್ತದೆ. ಅರ್ಥವಿಲ್ಲದಿದ್ದರೂ ನಡೆ ಕುಮಾರವ್ಯಾಸನದೇ. ಒಮ್ಮೆ ಈ ನಡೆ ಕಿವಿಗೆ ಹಿಡಿಸಿತೆಂದರೆ ಬೆರಳೆಣಿಕೆ ಕೇವಲ ತಾಳೆ ನೋಡುವ ಸಾಧನವಾಗುತ್ತದೆ. ಗಮಕಿಗಳ ವಾಚನವನ್ನು ಎರಡು ಸಲ ಕೇಳಿದ ವಿದ್ಯಾರ್ಥಿಗೆ ಭಾಮಿನಿ, ವಾರ್ಧಕಗಳ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ನಾಲ್ಕು ಸಾಲಿನ ವೃತ್ತಗಳಿಗೆ ಮೇಲ್ತರಗತಿಯವರು ಬಿಟ್ಟುಹೋದ ಉಪಾಯವೊಂದುಂಟು. ಸಾಲಿನ ಅಕ್ಷರಗಳನ್ನು ಎಣಿಸಬೇಕು. 19 ಬಂದರೆ ಶಾರ್ದೂಲವಿಕ್ರೀಡಿತ, 22 ಬಂದರೆ ಮಹಾಸ್ರಗ್ಧರೆ. 20 ಬಂದಾಗ ಮೊದಲಕ್ಷರ ಗುರುವಾದರೆ ಉತ್ಪಲಮಾಲೆ, ಲಘುವಾದರೆ ಮತ್ತೇಭವಿಕ್ರೀಡಿತ. 21 ಬಂದಾಗ ಮೊದಲಕ್ಷರ ಗುರುವಾದರೆ ಸ್ರಗ್ಧರೆ, ಲಘುವಾದರೆ ಚಂಪಕಮಾಲೆ. ಖ್ಯಾತಕರ್ನಾಟಕಗಳೆಂದು ಕರೆಯುವ ಆರು ವೃತ್ತಗಳೂ ಇಷ್ಟರಲ್ಲಿ ಬೇರ್ಪಡುತ್ತವೆ. ಆದರೆ ಹೆಸರು ಬರೆದು ನಿಲ್ಲಿಸಿದವನಿಗೆ ಪೂರ್ಣ ಅಂಕವಿಲ್ಲ. ಗಣ ವಿಂಗಡಿಸಿ ಲಕ್ಷಣ ಬರೆಯಲೇಬೇಕು.

ವಚನಗಳ ವಿಷಯದಲ್ಲಿ ವಿದ್ಯಾರ್ಥಿಗಳ ನಡುವೆ ಓಡಾಡುವ ಮಾತು ‘ಅಂಕಿತ ನೋಡು’ ಎಂಬುದು. ಮಠದ ಶಾಲೆಯ ಮಕ್ಕಳಿಗೆ ಇದು ಕಷ್ಟವಲ್ಲವೆಂದು ತಿಳಿಯಲಾಗುತ್ತದೆ. ಆದರೆ ಪರಿಚಯದ ಧೈರ್ಯವೇ ಇಲ್ಲಿ ತಪ್ಪಿಗೆ ಕಾರಣವಾಗುವುದುಂಟು. ಕೂಡಲಸಂಗಮದೇವ ಎಂಬುದು ಬಸವಣ್ಣನವರ ಅಂಕಿತ. ಕೂಡಲಚೆನ್ನಸಂಗಮದೇವ ಎಂಬುದು ಚೆನ್ನಬಸವಣ್ಣನವರದು. ಅವಸರದ ಕಣ್ಣಿಗೆ ನಡುವಣ ಎರಡಕ್ಷರಗಳು ಕಾಣದೆ ಹೋಗುತ್ತವೆ. ಅಮರೇಶ್ವರಲಿಂಗವೆಂಬುದು ಆಯ್ದಕ್ಕಿ ಮಾರಯ್ಯನವರ ಅಂಕಿತವಾದರೆ, ಮಾರಯ್ಯಪ್ರಿಯ ಅಮರೇಶ್ವರಲಿಂಗವೆಂಬುದು ಲಕ್ಕಮ್ಮನವರದು. ಗುಹೇಶ್ವರನೆಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ, ರಾಮನಾಥನೆಂದರೆ ಜೇಡರ ದಾಸಿಮಯ್ಯ, ಕಪಿಲಸಿದ್ಧಮಲ್ಲಿಕಾರ್ಜುನನೆಂದರೆ ಸಿದ್ಧರಾಮ. ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವಾಗಿ ಬಳಸಿದರು.

ಇಷ್ಟಾದರೂ ಅಂಕಿತವು ವಚನಕಾರನ ಹೆಸರನ್ನು ಕೊಡುತ್ತದೆಯೇ ಹೊರತು ವಚನದ ಅರ್ಥವನ್ನು ಕೊಡುವುದಿಲ್ಲ. ‘ಈ ವಚನದಲ್ಲಿ ಭಕ್ತಿಯ ಮಹತ್ವವನ್ನು ತಿಳಿಸಿದ್ದಾರೆ’ ಎಂಬ ಒಂದೇ ವಾಕ್ಯವನ್ನು ಎಲ್ಲ ವಚನಗಳಿಗೂ ಬರೆಯುವ ಅಭ್ಯಾಸವು ಸಹಪಾಠಿಗಳಿಂದಲೇ ಹರಡಿದ್ದು. ಆಯ್ದಕ್ಕಿ ಲಕ್ಕಮ್ಮನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಯನ್ನು ಪ್ರಶ್ನಿಸಿದ ಪ್ರಸಂಗವನ್ನು ಬಲ್ಲ ವಿದ್ಯಾರ್ಥಿಯು ‘ಭಕ್ತಿಯ ಮಹತ್ವ’ವೆಂದು ಬರೆದು ತೃಪ್ತನಾಗಲಾರನು. ಅಲ್ಲಿರುವುದು ಆಸೆಗೆ ಹಾಕಿದ ಮಿತಿ; ಅದನ್ನು ಹೆಂಡತಿ ಗಂಡನಿಗೆ ಹೇಳುತ್ತಾಳೆಂಬುದು ಇನ್ನೊಂದು ವಿಶೇಷ. ಎಲ್ಲ ಬೀಗಕ್ಕೂ ಹೊಂದುವ ಕೀಲಿಕೈಯಂತಿರುವ ವಾಕ್ಯವನ್ನು ಗುರುತಿಸುವುದು ಮೌಲ್ಯಮಾಪಕರಿಗೆ ಕಷ್ಟವೇನಲ್ಲ.

ಗಾದೆಮಾತಿನ ವಿಸ್ತರಣೆಯಲ್ಲಿಯೂ ಇದೇ ದೋಷ. ‘ಗಾದೆಗಳು ವೇದಗಳಿಗೆ ಸಮಾನ’ ಎಂದು ತೊಡಗಿ, ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಮುಂದುವರಿದು, ‘ಇಂತಹ ಗಾದೆಗಳಲ್ಲಿ ಇದೂ ಒಂದು’ ಎಂದು ಮೂರನೆಯ ವಾಕ್ಯವನ್ನು ಮುಗಿಸುವ ಹೊತ್ತಿಗೆ ಅರ್ಧ ಉತ್ತರವಾಯಿತೆಂದು ಬರೆದವನ ಎಣಿಕೆ. ಉತ್ತರವಿನ್ನೂ ಆರಂಭವಾಗಿಲ್ಲವೆಂದು ಓದುವವರ ಎಣಿಕೆ. ಪತ್ರಲೇಖನದಲ್ಲಿಯಂತೂ ಕಳಸದ ಹುಡುಗನೂ ಕೈಪಿಡಿಯನ್ನು ನೋಡಿ ಬೆಂಗಳೂರಿನ ವಿಳಾಸವನ್ನೇ ಬರೆದುಬಿಡುತ್ತಾನೆ. ಪ್ರಶ್ನೆಯಲ್ಲಿ ಕೊಟ್ಟ ಹೆಸರನ್ನೂ ಊರನ್ನೂ ಬಳಸತಕ್ಕದ್ದೆಂಬುದನ್ನು ಸಹಪಾಠಿಗಳು ಒಬ್ಬರಿಗೊಬ್ಬರು ನೆನಪಿಸುವುದು ಅಗತ್ಯ.

‘ಸ್ಥಳ, ಕಾಲ, ಕೃತಿ, ಪ್ರಶಸ್ತಿ’ ಎಂಬ ನಾಲ್ಕು ಪದಗಳ ಸೂತ್ರವು ಕವಿಪರಿಚಯಕ್ಕೆ ನಿಜವಾಗಿ ಉಪಯುಕ್ತ. ಈ ನಾಲ್ಕೂ ಇದ್ದು, ವಾಕ್ಯರೂಪದಲ್ಲಿದ್ದರೆ ಸಾಕು. ಚಿಕ್ಕಮಗಳೂರು ಜಿಲ್ಲೆಯ ವಿದ್ಯಾರ್ಥಿಗೆ ಇಲ್ಲಿ ಮನೆಯ ಸಹಾಯವೂ ಉಂಟು. ಕುವೆಂಪು ಅವರ ಸ್ಥಳವೆಂದೊಡನೆ ಎಲ್ಲರೂ ಕುಪ್ಪಳಿಯೆಂದು ಬರೆಯುತ್ತಾರೆ. ಅವರು 1904ರ ಡಿಸೆಂಬರ್ 29ರಂದು ಜನಿಸಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಎರಡನ್ನೂ ಹೀಗೆ ಬಿಡಿಸಿ ಬರೆದರೆ ವಾಕ್ಯವೂ ತುಂಬುತ್ತದೆ, ಸತ್ಯವೂ ಉಳಿಯುತ್ತದೆ. ಲಕ್ಷ್ಮೀಶನ ಊರೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುವ ದೇವನೂರು ಇದೇ ಜಿಲ್ಲೆಯ ಕಡೂರು ತಾಲ್ಲೂಕಿನಲ್ಲಿದೆ. ನೋಡಿದ ಊರಿನ ಹೆಸರು ಮರೆತುಹೋಗುವುದಿಲ್ಲ.

ಹಾಗೆಂದು ಸ್ಥಳಾಭಿಮಾನವು ಕವಿತೆಯ ಒಳಗೆ ಇಲ್ಲದ್ದನ್ನು ತುಂಬಬಾರದು. ಹಲವು ವರ್ಷ ಹತ್ತನೆಯ ತರಗತಿಯ ಪಠ್ಯದಲ್ಲಿದ್ದ ಕುವೆಂಪು ಅವರ ‘ಹಸುರು’ ಕವನವನ್ನು ಓದುವ ನಮ್ಮ ಮಕ್ಕಳಿಗೆ ಕಿಟಕಿಯಾಚೆ ನೋಡಿದರೆ ಅರ್ಧ ಅರ್ಥವಾಗುತ್ತದೆ. ಆದರೆ ಕವಿ ಹೇಳುವ ಹಸುರು ಬತ್ತದ ಗದ್ದೆಯದು, ಅಡಕೆಯ ತೋಟದ್ದು, ಹುಲ್ಲಿನದು. ಕಿಟಕಿಯಾಚೆ ಕಂಡ ಕಾಫಿ ತೋಟವನ್ನು ಸಾರಾಂಶದೊಳಗೆ ಸೇರಿಸಿದರೆ ಅದು ಬರೆದವನ ಕವಿತೆಯಾಗುತ್ತದೆ. ಕಂಡದ್ದು ಅರ್ಥಮಾಡಿಕೊಳ್ಳುವುದಕ್ಕೆ, ಬರೆಯಬೇಕಾದುದು ಕವಿ ಹೇಳಿದ್ದನ್ನು.

‘ಸಂದರ್ಭ ಸೂಚಿಸಿ ವಿವರಿಸಿ’ ಎಂಬ ಪ್ರಶ್ನೆಗೆ ಮೂರು ಮೆಟ್ಟಿಲುಗಳ ಸೂತ್ರ ಎಲ್ಲ ಶಾಲೆಗಳಲ್ಲಿಯೂ ಬಳಕೆಯಲ್ಲಿದೆ: ಆಯ್ಕೆ, ಸಂದರ್ಭ, ಸ್ವಾರಸ್ಯ. ಮಾತು ಯಾವ ಕೃತಿಯಿಂದ, ಯಾವ ಪಾಠದಿಂದ ಬಂದಿತು, ಯಾರು ಯಾರಿಗೆ ಎಂದು ಹೇಳಿದರು, ಅದರಲ್ಲಿರುವ ವಿಶೇಷವೇನು. ಮೊದಲೆರಡನ್ನು ಬಾಯಿಪಾಠ ಮಾಡಬಹುದು. ಮೂರನೆಯದರಲ್ಲಿ ಬಹಳಷ್ಟು ಮಂದಿ ಎಡವುತ್ತಾರೆ. ಎರಡನೆಯದನ್ನೇ ಬೇರೆ ಮಾತಿನಲ್ಲಿ ತಿರುಗಿ ಬರೆದು ‘ಇದೇ ಇಲ್ಲಿನ ಸ್ವಾರಸ್ಯ’ ಎನ್ನುತ್ತಾರೆ.

ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಅವನ ಜನ್ಮರಹಸ್ಯವನ್ನು ತಿಳಿಸುವ ಪ್ರಸಂಗವನ್ನು ನೋಡಬಹುದು. ಸಂಧಿಯ ಮಾತು ಮುರಿದಿದೆ, ಯುದ್ಧ ನಿಶ್ಚಯವಾಗಿದೆ. ಆಗ ಕೃಷ್ಣನು ‘ನೀನು ಕುಂತಿಯ ಮಗ, ಪಾಂಡವರ ಅಣ್ಣ, ರಾಜ್ಯ ನಿನ್ನದೇ’ ಎಂಬ ಅರ್ಥದ ಮಾತನಾಡುತ್ತಾನೆ. ಕರ್ಣನ ಕೊರಳ ಸೆರೆ ಹಿಗ್ಗುತ್ತದೆ, ಕಣ್ಣು ತುಂಬುತ್ತದೆ. ಅವನು ರಾಜ್ಯವನ್ನು ಒಪ್ಪುವುದಿಲ್ಲ. ಬದಲಿಗೆ ಕೌರವನನ್ನೇ ನೀನು ಕೊಂದೆಯೆಂದು ಕೃಷ್ಣನಿಗೆ ಹೇಳುತ್ತಾನೆ. ಯಾರು, ಯಾರಿಗೆ, ಯಾವಾಗ ಎಂಬುದು ಇಷ್ಟರಲ್ಲಿ ಮುಗಿಯಿತು. ಇನ್ನೂ ಬಾಣವೊಂದೂ ಹೊರಡದಿರುವಾಗ ಕೌರವನು ಸತ್ತದ್ದು ಹೇಗೆ?

ಈ ಒಂದು ಪ್ರಶ್ನೆಯನ್ನು ಜಗಲಿಯಲ್ಲಿ ಕುಳಿತ ಐದಾರು ಮಂದಿಯ ನಡುವೆ ಇಟ್ಟರೆ ಮುಕ್ಕಾಲು ಗಂಟೆಯ ವಾದ ನಡೆಯುತ್ತದೆ. ಒಬ್ಬನು ಕೃಷ್ಣನದು ಒಳಿತಿನ ಬುದ್ಧಿಯೆನ್ನುತ್ತಾನೆ. ಯುದ್ಧ ತಪ್ಪಿಸಲು ಕೊನೆಯ ಪ್ರಯತ್ನ. ಇನ್ನೊಬ್ಬನು ಅದು ವಂಚನೆಯೆನ್ನುತ್ತಾನೆ. ಹುಟ್ಟಿದಂದೇ ಹೇಳಬಹುದಾಗಿದ್ದುದನ್ನು ಯುದ್ಧದ ಹಿಂದಿನ ದಿನ ಹೇಳಿದ್ದೇಕೆ? ಮೂರನೆಯವಳು ಕರ್ಣನ ಕೈ ಇನ್ನು ಮುಂದೆ ತಮ್ಮಂದಿರ ಮೇಲೆ ಏಳದು, ಆ ಕೈಯನ್ನೇ ನಂಬಿದ ಕೌರವನಿಗೆ ಉಳಿವಿಲ್ಲ, ಆದುದರಿಂದ ಕೌರವನು ಸತ್ತದ್ದು ಈ ಮಾತಿನಿಂದಲೇ ಎನ್ನುತ್ತಾಳೆ. ಸ್ವಾರಸ್ಯವೆಂದರೆ ಇದು. ಕೈಪಿಡಿಯಲ್ಲಿ ಓದಿದರೆ ಎರಡು ಸಾಲು. ವಾದದಲ್ಲಿ ಗೆದ್ದು ಪಡೆದರೆ ಪರೀಕ್ಷೆಯ ಮೇಜಿನ ಮುಂದೆ ಮರೆಯುವಂತಿಲ್ಲ. ವಾದದಲ್ಲಿ ಸೋತವನಿಗೂ ಅದು ಅಷ್ಟೇ ನೆನಪಿರುತ್ತದೆ, ಬಹುಶಃ ಹೆಚ್ಚು. ಶರಣರ ಗೋಷ್ಠಿಗಳನ್ನು ಸಂವಾದದ ರೂಪದಲ್ಲಿ ಹೆಣೆದ ಶೂನ್ಯಸಂಪಾದನೆಯನ್ನು ಬಲ್ಲ ಮಠದಲ್ಲಿ ಪ್ರಶ್ನೋತ್ತರದ ಈ ಶಕ್ತಿಯನ್ನು ವರ್ಣಿಸಬೇಕಾಗಿಲ್ಲ.

ಈಗ ಮನೆಮಾತು ಬೇರೆಯಾದ ಮಗುವಿನ ಕಡೆಗೆ ತಿರುಗಬಹುದು. ಕಾಫಿ ತೋಟಗಳು ಬೆಳೆದಂತೆಲ್ಲ ದುಡಿಯುವ ಕೈಗಳು ಘಟ್ಟದ ಕೆಳಗಿನ ತುಳುನಾಡಿನಿಂದಲೂ ತಮಿಳು ಸೀಮೆಯಿಂದಲೂ ಬಂದುವು. ಮಲಯಾಳ, ಕೊಂಕಣಿ, ಬ್ಯಾರಿ ಮಾತುಗಳೂ ಈ ಬೆಟ್ಟಗಳಲ್ಲಿ ನೆಲೆಸಿದುವು. ಲೈನ್ ಮನೆಯಲ್ಲಿ ತಮಿಳನ್ನೋ ತುಳುವನ್ನೋ ಆಡಿ ಬೆಳೆದ ಮಗು ಶಾಲೆಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಬರೆಯುತ್ತದೆ. ಹೊಸಗನ್ನಡವನ್ನು ಹೇಗೋ ನಿಭಾಯಿಸಿದರೂ ಪಂಪ, ರನ್ನ, ದುರ್ಗಸಿಂಹರ ಪಾಠ ಬಂದಾಗ ತನ್ನಿಂದಾಗದೆಂದು ಕೈಚೆಲ್ಲುತ್ತದೆ. ಕೆಲವೊಮ್ಮೆ ಸಹಪಾಠಿಗಳೂ ‘ಹಳಗನ್ನಡದ ಪ್ರಶ್ನೆಗಳನ್ನು ನೀನು ಬಿಟ್ಟುಬಿಡು, ಉಳಿದದ್ದರಲ್ಲಿ ಪಾಸಾಗು’ ಎಂದು ಸಲಹೆ ಕೊಡುತ್ತಾರೆ. ಸದುದ್ದೇಶದ ಸಲಹೆಯೇ. ಆದರೆ ಹಂಚಿಕೊಳ್ಳುವ ಸೂತ್ರಗಳಲ್ಲಿ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಸತ್ಯಕ್ಕೆ ದೂರವಾದದ್ದೂ ಇನ್ನೊಂದಿಲ್ಲ.

ಏಕೆಂದರೆ ಹಳಗನ್ನಡವು ಆ ಮಗುವಿಗೆ ಉಳಿದವರಿಗಿಂತ ಹತ್ತಿರ. ಹಳಗನ್ನಡದ ಪದಾದಿಯ ಪಕಾರವು ಸುಮಾರು ಹತ್ತನೆಯ ಶತಮಾನದಿಂದ ಮೊದಲ್ಗೊಂಡು ಕೆಲವು ಶತಮಾನಗಳಲ್ಲಿ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಲ್ ಹಲ್ಲಾಯಿತು, ಪೋಗು ಹೋಗು ಎಂದಾಯಿತು. ನೆರೆಯ ಭಾಷೆಗಳಲ್ಲಿ ಈ ಬದಲಾವಣೆ ನಡೆಯಲಿಲ್ಲ. ತಮಿಳು ಮಾತನಾಡುವ ಮನೆಯಲ್ಲಿ ಹಾಲು ಇಂದಿಗೂ ಪಾಲ್, ಹುಲಿ ಪುಲಿ, ಹಲ್ಲು ಪಲ್. ತುಳುವಿನಲ್ಲಿ ಹುಲಿ ಪಿಲಿ, ಹೂ ಪೂ. ಕನ್ನಡ ಮನೆಮಾತಿನ ಹುಡುಗನು ಅರ್ಥಕೋಶ ತೆರೆಯಬೇಕಾದ ಪದವನ್ನು ಲೈನ್ ಮನೆಯ ಹುಡುಗಿಯು ಆ ದಿನ ಬೆಳಗ್ಗೆಯೇ ಮನೆಯಲ್ಲಿ ಆಡಿ ಬಂದಿರುತ್ತಾಳೆ.

ೞ ಎಂಬ ಅಕ್ಷರದ ಮಾತೂ ಹಾಗೆಯೇ. ಕನ್ನಡದಲ್ಲಿ ಅದು ಅಳಿದು, ಬಹಳ ಕಡೆ ಳಕಾರವಾಯಿತು. ತಮಿಳು, ಮಲಯಾಳಗಳಲ್ಲಿ ಉಳಿದಿದೆ. ಹಳಗನ್ನಡದ ಮೞೆಯೇ ಮಲಯಾಳದ ಮೞ, ತಮಿಳಿನ ಮೞೈ. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಆ ಪದವನ್ನು ಅದರ ಹಳೆಯ ಉಚ್ಚಾರಣೆಯೊಡನೆ ಇಂದಿಗೂ ಆಡುವವರು ಪಕ್ಕದ ಲೈನಿನಲ್ಲಿದ್ದಾರೆಂಬುದು ತರಗತಿಗೆ ತಿಳಿಯದೆ ಹೋಗುವುದು ವಿಷಾದದ ಸಂಗತಿ. ಏೞ್ ಎಂಬುದು ಏಳು. ಬಾೞೆ ಎಂಬುದು ತಮಿಳಿನ ವಾೞೈ. ಈ ಕೊನೆಯ ಜೋಡಿಯಿಂದ ಇನ್ನೊಂದು ಸೂತ್ರವೂ ಹೊರಡುತ್ತದೆ: ತಮಿಳಿನಲ್ಲಿ ಪದದ ಮೊದಲಿಗೆ ವಕಾರವಿದ್ದೆಡೆ ಕನ್ನಡದಲ್ಲಿ ಹಲವು ಸಲ ಬಕಾರ. ಅಲ್ಲಿ ವಾ ಎಂದರೆ ಇಲ್ಲಿ ಬಾ.

ಸುಮಾರು 1031ರ ದುರ್ಗಸಿಂಹನ ಪಂಚತಂತ್ರದಲ್ಲಿ ಬರುವ, ಮರವನ್ನೇ ಸಾಕ್ಷಿಗೆ ಕರೆದ ಕಥೆಯು ಹತ್ತನೆಯ ತರಗತಿಯ ಪಠ್ಯದಲ್ಲಿ ‘ವೃಕ್ಷಸಾಕ್ಷಿ’ ಎಂಬ ಹೆಸರಿನಿಂದ ಇದ್ದಿತು. ದುಷ್ಟಬುದ್ಧಿಯು ಗೆಳೆಯನೊಡನೆ ಹೂತಿಟ್ಟ ಹಣವನ್ನು ಕದ್ದು, ತನ್ನ ತಂದೆಯನ್ನೇ ಮರದ ಪೊಟರೆಯಲ್ಲಿ ಅಡಗಿಸಿ ಸುಳ್ಳುಸಾಕ್ಷಿ ಹೇಳಿಸುತ್ತಾನೆ. ಧರ್ಮಬುದ್ಧಿಯು ಪೊಟರೆಗೆ ಹೊಗೆಯಿಕ್ಕಿದಾಗ ಮೋಸ ಹೊರಬೀಳುತ್ತದೆ. ಕಥೆ ಸುಲಭ, ಗದ್ಯ ಕಠಿಣ. ಇಂತಹ ಗದ್ಯವನ್ನು ಓದುವಾಗ ಮೊದಲು ಸಂಧಿ ಬಿಡಿಸಿ ಪದಗಳನ್ನು ಬೇರೆ ಮಾಡಬೇಕು. ಬಳಿಕ ಪದದ ತುದಿಯಲ್ಲಿರುವ ‘ಅಂ’ಕಾರವನ್ನು ಗಮನಿಸಬೇಕು. ಮರಂ ಎಂಬುದನ್ನು ಕಂಡು ಕನ್ನಡದ ಹುಡುಗನು ತಡೆದು ನಿಲ್ಲುತ್ತಾನೆ. ತಮಿಳಿನ ಮಗುವಿಗೆ ಮರವೆಂದರೆ ಮರಮ್ ತಾನೆ!

ಎಚ್ಚರಿಕೆಯೊಂದನ್ನು ಇಲ್ಲಿಯೇ ಹೇಳುವುದು ಲೇಸು. ಎಲ್ಲ ಪದಗಳೂ ಹೀಗೆ ನೆರವಾಗುವುದಿಲ್ಲ. ಕನ್ನಡದಲ್ಲಿ ಪಟ್ಟಿಯೆಂದರೆ ಸಾಲಾಗಿ ಬರೆದ ವಿವರ. ಮಲಯಾಳದಲ್ಲಿ ಅದು ನಾಯಿ. ಹೋಲಿಕೆಯಿಂದ ಊಹಿಸಿದ ಅರ್ಥವು ವಾಕ್ಯದಲ್ಲಿ ಕೂಡುತ್ತದೆಯೆ ಎಂದು ನೋಡಿ, ಪಾಠದ ಕ್ಲಿಷ್ಟಪದಗಳ ಪಟ್ಟಿಯೊಡನೆ ತಾಳೆಹಾಕಿದ ಮೇಲೆಯೇ ಅದನ್ನು ನಂಬಬೇಕು. ಅದಕ್ಕೆ ಕನ್ನಡ ಮನೆಮಾತಿನವರ ನೆರವು ಬೇಕು. ವಿಭಕ್ತಿ, ಲಿಂಗ, ವಚನಗಳಲ್ಲಿ ತಪ್ಪದಂತೆ ಉತ್ತರ ಬರೆಯುವುದಕ್ಕೂ ಬೇಕು. ಹೀಗೆ ಒಬ್ಬರು ಪದವನ್ನು ಗುರುತಿಸಿಕೊಡುತ್ತಾರೆ, ಮತ್ತೊಬ್ಬರು ವಾಕ್ಯವನ್ನು ತಿದ್ದಿಕೊಡುತ್ತಾರೆ. ಅಲ್ಲಿಯವರೆಗೆ ಕೇಳಿಸಿಕೊಳ್ಳುವವಳಷ್ಟೇ ಆಗಿದ್ದ ಹುಡುಗಿಯನ್ನು ‘ಈ ಪದವನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ?’ ಎಂದು ತರಗತಿಯೇ ಕೇಳತೊಡಗಿದ ದಿನ ಅವಳು ಹಳಗನ್ನಡದ ಪ್ರಶ್ನೆಯನ್ನು ಬಿಟ್ಟು ಹೋಗುವ ಯೋಚನೆಯನ್ನೇ ಮಾಡುವುದಿಲ್ಲ.

ಹಂಚಿಕೊಳ್ಳುವ ಈ ಕ್ರಮಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಕೊರೋನಾ ಕಾಲದಲ್ಲಿ. ಶಾಲೆಗಳು ಮುಚ್ಚಿದಾಗ ಮಲೆನಾಡಿನ ಹಲವೆಡೆ ಮಕ್ಕಳು ಮೊಬೈಲ್ ಸಂಕೇತಕ್ಕಾಗಿ ಗುಡ್ಡ ಹತ್ತಿ ಕುಳಿತರು; ಪಾಠ ಹೇಗೋ ತಲುಪಿತು, ಜಗಲಿ ತಲುಪಲಿಲ್ಲ. 2021ರಲ್ಲಿ ಪರೀಕ್ಷೆಯು ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ, ಪೂರ್ತಿ ಬಹು ಆಯ್ಕೆಯ ಪ್ರಶ್ನೆಗಳಾಗಿ ನಡೆಯಿತು, ಭಾಷೆಗಳು 22ರಂದು. ಆ ವರ್ಷದ ವಿದ್ಯಾರ್ಥಿಗಳು ಕನ್ನಡ ಪತ್ರಿಕೆಯಲ್ಲಿ ಕನ್ನಡದ ಒಂದು ವಾಕ್ಯವನ್ನೂ ಬರೆಯಲಿಲ್ಲ. ಉತ್ತರದ ವೃತ್ತವನ್ನು ತುಂಬಿ ಬಂದರು. ಅಂದಿನ ಅನಿವಾರ್ಯವನ್ನು ಆಕ್ಷೇಪಿಸುವಂತಿಲ್ಲ. ಆದರೆ 2022ರಲ್ಲಿ ಬರವಣಿಗೆಯ ಪರೀಕ್ಷೆ ಮರಳಿದಾಗ ಉತ್ತರ ಗೊತ್ತಿದ್ದೂ ಎಂಟು ಹತ್ತು ವಾಕ್ಯ ಬರೆಯಲು ಕೈ ಓಡದೆ ಹೋಗುವುದು ಆಶ್ಚರ್ಯವಲ್ಲ. ಸೂತ್ರಗಳಿಂದ ಆಯ್ಕೆಯನ್ನು ಗುರುತಿಸಬಹುದು; ವಾಕ್ಯವನ್ನು ಬರೆದೇ ಕಲಿಯಬೇಕು.

ಆ ಕಾರಣದಿಂದ ಪರೀಕ್ಷೆಗೆ ಮುಂಚಿನ ಒಂದು ತಿಂಗಳು ಉತ್ತರಗಳನ್ನು ಬರೆದು ಅದಲುಬದಲು ಮಾಡಿ ತಿದ್ದಿಕೊಳ್ಳುವುದು ಒಳ್ಳೆಯ ಪದ್ಧತಿ. ತನ್ನ ತಪ್ಪು ತನಗೆ ಕಾಣದು. ಅಕಾರ ಹಕಾರಗಳ ಗೊಂದಲ, ಲಕಾರ ಳಕಾರಗಳ ಅದಲುಬದಲು, ಶ, ಷ, ಸಗಳ ಅಸ್ಥಿರತೆ, ಬಿಟ್ಟುಹೋದ ಮಹಾಪ್ರಾಣ, ಇವು ಗೆಳೆಯನ ಕಣ್ಣಿಗೆ ಥಟ್ಟನೆ ಬೀಳುತ್ತವೆ. ತಿದ್ದುವವನು ಕೆಂಪು ಶಾಯಿ ಬಳಸದೆ ಸೀಸದ ಕಡ್ಡಿ ಬಳಸಿದರೆ ಸ್ನೇಹವೂ ಉಳಿಯುತ್ತದೆ.

ಪರೀಕ್ಷಾ ಕೊಠಡಿಯ ಒಳಗಿನ ಉಪಾಯಗಳನ್ನು ಬೇಗನೆ ಹೇಳಿ ಮುಗಿಸಬಹುದು. ಪ್ರಶ್ನಪತ್ರಿಕೆ ಓದಿಕೊಳ್ಳಲೆಂದು ಕೊಡುವ ಹದಿನೈದು ನಿಮಿಷಗಳಲ್ಲಿ ಆಯ್ಕೆಯಿರುವ ಪ್ರಶ್ನೆಗಳನ್ನು ನಿಶ್ಚಯಿಸಿಕೊಳ್ಳಬೇಕು. ಬರೆಯುತ್ತ ಬರೆಯುತ್ತ ಮನಸ್ಸು ಬದಲಿಸಿದವನು ಎರಡು ಕಡೆಯೂ ಅರ್ಧ ಬರೆಯುತ್ತಾನೆ. ಕಂಠಪಾಠದ ಪದ್ಯವನ್ನು ಮೊದಲ ಅರ್ಧ ಗಂಟೆಯೊಳಗೆ ಬರೆಯುವುದು ಕ್ಷೇಮ. ಸಮಯ ಕಳೆದಂತೆ ಬೇರೆ ಪದ್ಯಗಳ ಸಾಲುಗಳು ಬಂದು ಬೆರೆಯುತ್ತವೆ. ಪ್ರಬಂಧವನ್ನು ಕೊನೆಗೆ ಇಡುವವರು ಕನಿಷ್ಠ ಇಪ್ಪತ್ತೈದು ನಿಮಿಷಗಳನ್ನು ಅದಕ್ಕೆಂದು ತೆಗೆದಿಟ್ಟುಕೊಳ್ಳಬೇಕು. ಒಂದು ವಾಕ್ಯದ ಉತ್ತರಕ್ಕೆ ನಾಲ್ಕು ವಾಕ್ಯ ಬರೆದರೆ ಅಂಕ ಹೆಚ್ಚುವುದಿಲ್ಲ, ಸಮಯ ತಗ್ಗುತ್ತದೆ. ಪ್ರಶ್ನೆಯ ಸಂಖ್ಯೆಯನ್ನು ತಪ್ಪದೆ ಬರೆಯತಕ್ಕದ್ದು. ಇದನ್ನು ಎಲ್ಲರೂ ಹೇಳುತ್ತಾರೆ. ಪ್ರತಿ ವರ್ಷವೂ ಯಾರೋ ಒಬ್ಬರು ಮರೆಯುತ್ತಾರೆ.

ಪತ್ರಿಕೆ ಮುಗಿಸಿ ಹೊರಬಂದ ಕೂಡಲೆ ಬಾಗಿಲಲ್ಲಿಯೇ ಗುಂಪುಗೂಡಿ ಉತ್ತರಗಳನ್ನು ಹೋಲಿಸುವ ಚಪಲ ಎಲ್ಲರಿಗೂ ಇರುತ್ತದೆ. ಅಂದಿನ ಸಂಜೆ ಅದು ಬೇಡವೆಂದು ಮೊದಲೇ ಒಪ್ಪಂದ ಮಾಡಿಕೊಳ್ಳುವುದು ಉಚಿತ. ಮುಂದಿನ ಪತ್ರಿಕೆಯ ಓದು ಹಿಂದಿನ ಪತ್ರಿಕೆಯ ಚಿಂತೆಯಲ್ಲಿ ಕೆಡಬಾರದು. ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ಆ ಪ್ರಶ್ನಪತ್ರಿಕೆಯನ್ನು ಹೊರತೆಗೆದು, ತಾವು ಎಲ್ಲಿ ತಡವರಿಸಿದೆವು, ಯಾವ ಅಂಕಿತವನ್ನು ತಪ್ಪಾಗಿ ಓದಿದೆವು, ಯಾವ ಹಳಗನ್ನಡ ಪದ ಯಾರ ಮನೆಮಾತಿನಿಂದ ನೆನಪಾಯಿತು ಎಂಬುದನ್ನು ಅಂಚಿನಲ್ಲಿ ಬರೆದು, ವಿದ್ಯಾರ್ಥಿನಿಲಯವನ್ನು ಬಿಡುವ ಮುನ್ನ ಒಂಬತ್ತನೆಯ ತರಗತಿಯವರ ಕೈಗೆ ಕೊಟ್ಟುಹೋಗಬಹುದು.